ಮೆಲ್ಬರ್ನ್‌ನ ಸೇಂಟ್ ಕಿಲ್ಡಾ: ರಾತ್ರಿಯ ಹೊತ್ತು ಆ ಊರು ಹೇಗಿದೆ?

ಕಲಬುರಗಿಯ ನಮ್ಮ ಸೇಡಂ ರಸ್ತೆಯ ಬಡಾವಣೆಯಲ್ಲಿ ಮಗನನ್ನೋ ಮಗಳನ್ನೋ ಓದಲು ಆಸ್ಟ್ರೇಲಿಯಾಕ್ಕೆ ಕಳಿಸಿದ ಮನೆಗಳು ಈಗ ಅಪರೂಪವಲ್ಲ. ತಮ್ಮನ ಮನೆಯ ನೆಪದಲ್ಲಿ ನಾನು ಆ ಕಡೆ ಹೋಗಿ ಬಂದಿರುವುದು ಗೊತ್ತಾದ ಮೇಲೆ ಅಂಥ ಮನೆಯವರು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಾರೆ: “ನಮ್ಮ ಹುಡುಗ ಸೇಂಟ್ ಕಿಲ್ಡಾದಾಗ ರೂಮ್ ಸಿಕ್ಕದ ಅನ್ಲಾಕತ್ತಾನ, ಆ ಏರಿಯಾ ಛಲೋ ಅದ ಏನ್ರಿ ಮೇಡಂ?” ಅವರು ಹೇಳದೆ ಉಳಿಸಿದ ಮಾತೂ ನನಗೆ ಕೇಳಿಸುತ್ತದೆ. ಬಾರು, ಕ್ಲಬ್ಬು, ಡೇಟಿಂಗು, ಜೊತೆಗೆ ಕಾನೂನು ಒಪ್ಪಿದ ಲೈಂಗಿಕ ವೃತ್ತಿ ಎಲ್ಲವೂ ಒಂದೇ ಕಡಲ ದಂಡೆಯಲ್ಲಿ ಇರುವ ಬಡಾವಣೆ ಅದು ಎಂಬ ಸುದ್ದಿ ಅವರ ಕಿವಿಗೂ ಬಿದ್ದಿದೆ. ನಲವತ್ತು ದಾಟಿದ, ಒಂಟಿಯಾಗಿ ಓಡಾಡುವ, ಕುಡಿತದ ಅಭ್ಯಾಸ ಅಷ್ಟಾಗಿ ಇಲ್ಲದ ಹೆಂಗಸೊಬ್ಬಳು ಆ ಊರಿನ ರಾತ್ರಿಯನ್ನು ಗಿರಾಕಿಯಾಗಿ ನೋಡಿದಾಗ ಏನು ಕಂಡಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಸೇಂಟ್ ಕಿಲ್ಡಾ ಮೆಲ್ಬರ್ನ್ ನಗರಕೇಂದ್ರದಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ, ಪೋರ್ಟ್ ಫಿಲಿಪ್ ಕೊಲ್ಲಿಯ ದಂಡೆಯ ಮೇಲಿದೆ. ತೆರೆದ ಸಮುದ್ರವಲ್ಲದ ಕಾರಣ ಅಲೆಗಳ ಅಬ್ಬರವಿಲ್ಲ. ಆದರೆ ಗಾಳಿ ಮಾತ್ರ ಬಿಡುವುದಿಲ್ಲ. ಮೇ ತಿಂಗಳ ಕಲಬುರಗಿಯನ್ನು ಕಂಡವರು ಬೇಸಿಗೆ ಎಂದರೆ ಎಲ್ಲ ಕಡೆಯೂ ಬೇಸಿಗೆಯೇ ಎಂದು ತೆಳು ಬಟ್ಟೆಯಲ್ಲಿ ಹೊರಟರೆ ಅಲ್ಲಿನ ಬೇಸಿಗೆಯಾದ ಜನವರಿಯ ರಾತ್ರಿಯಲ್ಲೂ ನಡುಗಬೇಕಾಗುತ್ತದೆ. ಆ ತಿಂಗಳುಗಳಲ್ಲಿ ಸೂರ್ಯ ಮುಳುಗುವುದೇ ಎಂಟೂವರೆಯ ನಂತರವಾದ್ದರಿಂದ, ನಮ್ಮಲ್ಲಿ ಊಟ ಮುಗಿಸಿ ಬಾಗಿಲು ಹಾಕುವ ಹೊತ್ತಿಗೆ ಅಲ್ಲಿ ಸಂಜೆ ಶುರುವಾಗಿರುತ್ತದೆ. 1912ರಲ್ಲಿ ತೆರೆದ ಲೂನಾ ಪಾರ್ಕಿನ ಬಾಯ್ತೆರೆದ ಮುಖದ ಹೆಬ್ಬಾಗಿಲು, 1927ರ ಪ್ಯಾಲೆ ಥಿಯೇಟರ್, ಕೇಕು ಪೇಸ್ಟ್ರಿಗೆ ಹೆಸರಾದ ಏಕ್‌ಲೆಂಡ್ ಸ್ಟ್ರೀಟ್, ಎಲ್ಲವೂ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. 1956ರ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆಗಾಗಿ ಕಟ್ಟಿದ ಅಲೆತಡೆಯ ಕಲ್ಲುಗಳ ಸಂದಿಯಲ್ಲಿ ಪುಟ್ಟ ಪೆಂಗ್ವಿನ್‌ಗಳು ಗೂಡು ಮಾಡಿಕೊಂಡಿವೆ. ಬಾರುಗಳ ಗದ್ದಲ ಮತ್ತು ಈ ಹಕ್ಕಿಗಳ ಸಂಸಾರ ಒಂದೇ ದಂಡೆಯಲ್ಲಿ ನಡೆಯುತ್ತಿರುವುದು ಆ ಊರಿನ ಸ್ವಭಾವಕ್ಕೆ ಹೊಂದುತ್ತದೆ.

ಸೇವೆಯ ಲೆಕ್ಕದಲ್ಲಿ ನಾನು ಮೊದಲ ಅಂಕ ಕೊಡುವುದು ಟ್ರಾಮಿಗೆ. 96ನೇ ಸಂಖ್ಯೆಯ ಟ್ರಾಮು ನಗರದ ಬೋರ್ಕ್ ಸ್ಟ್ರೀಟ್ ದಾಟಿ, 1987ರವರೆಗೆ ರೈಲು ಓಡುತ್ತಿದ್ದ ಹಳಿಯ ಮಾರ್ಗದಲ್ಲೇ ಬಂದು, ಫಿಟ್ಜ್‌ರಾಯ್ ಸ್ಟ್ರೀಟಿಗೆ ತಿರುಗಿ ದಂಡೆ ಸೇರುತ್ತದೆ. ಶುಕ್ರವಾರ ಮತ್ತು ಶನಿವಾರ ಅದು ರಾತ್ರಿಯಿಡೀ ಓಡುತ್ತದೆ. ಉಳಿದ ದಿನಗಳಲ್ಲಿ ಹಾಗಿಲ್ಲವಾದ್ದರಿಂದ ಮಧ್ಯರಾತ್ರಿಗೆ ಮೊದಲೇ ವೇಳಾಪಟ್ಟಿ ನೋಡಿಕೊಳ್ಳಬೇಕು. ನಗರದ ಒಳಗೆ ಟ್ರಾಮು ಉಚಿತ ಎಂದು ಕೇಳಿ ಬಂದ ವಿದ್ಯಾರ್ಥಿಗಳು ಆ ಉಚಿತ ವಲಯ ಸೇಂಟ್ ಕಿಲ್ಡಾದವರೆಗೆ ಬರುವುದಿಲ್ಲ ಎಂಬುದನ್ನು ನೆನಪಿಡಬೇಕು, ಮೈಕಿ ಎಂಬ ಟಿಕೆಟ್ ಕಾರ್ಡನ್ನು ತಟ್ಟಲೇಬೇಕು. ಮನೆಗೆ ಮರಳುವ ದಾರಿ ಇನ್ನೊಬ್ಬರ ಬೈಕನ್ನೋ ಕಾರನ್ನೋ ನೆಚ್ಚಿಕೊಂಡಿಲ್ಲ ಎಂಬ ಒಂದೇ ಕಾರಣಕ್ಕೆ ಹೆಂಗಸಿನ ಸಂಜೆ ಎಷ್ಟು ಹಗುರವಾಗುತ್ತದೆ ಎಂಬುದು ಜಗತ್ ಸರ್ಕಲ್‌ನಲ್ಲಿ ರಾತ್ರಿ ಹತ್ತಕ್ಕೆ ಆಟೋಕ್ಕಾಗಿ ಕಾದವರಿಗೆ ಗೊತ್ತು.

ಬಾರುಗಳ ವಿಷಯಕ್ಕೆ ಬರುತ್ತೇನೆ. ಕಡಲಿಗೆ ಮುಖ ಮಾಡಿ ನಿಂತ ಎಸ್ಪ್ಲನೇಡ್ ಹೋಟೆಲು 1878ರದು. ಊರಿನವರು ಅದನ್ನು ಎಸ್ಪಿ ಎನ್ನುತ್ತಾರೆ. ಕೆಲವು ವರ್ಷ ಮುಚ್ಚಿದ್ದ ಅದು 2018ರ ಕೊನೆಯಲ್ಲಿ ಮತ್ತೆ ತೆರೆಯಿತು. ಒಳಗೆ ಒಂದೊಂದು ಅಂತಸ್ತಿಗೆ ಒಂದೊಂದು ಬಗೆಯ ವಾತಾವರಣವಿದೆ, ಸಂಗೀತ ಕೇಳಲು ಬರುವವರೇ ಬಹಳ. ಇಂಥ ಜಾಗಗಳ ಬಾಗಿಲಲ್ಲಿ ನಿಂತ ಕಾವಲುಗಾರ ಪಾಸ್‌ಪೋರ್ಟನ್ನು ಕೈಗೆ ತೆಗೆದುಕೊಂಡು, ಸಣ್ಣ ಟಾರ್ಚಿನ ಬೆಳಕನ್ನು ಜನ್ಮದಿನಾಂಕದ ಮೇಲೆ ಬಿಟ್ಟು, ಆಮೇಲೆ ಅದೇ ಬೆಳಕಿನ ಅಂಚಿನಲ್ಲಿ ಮುಖವನ್ನು ನೋಡಿ, ತಲೆಯಾಡಿಸಿ ಒಳಗೆ ಬಿಡುತ್ತಾನೆ. ಕುಡಿಯುವ ಕನಿಷ್ಠ ವಯಸ್ಸು 18. ನಮ್ಮ ಆಧಾರ್ ಕಾರ್ಡು ಅಲ್ಲಿ ನಡೆಯುವುದಿಲ್ಲ. ನನ್ನ ವಯಸ್ಸಿನವಳನ್ನು ಕಾಗದ ಕೇಳುವುದು ಮೊದಲು ತಮಾಷೆಯೆನಿಸಿತು. ಆದರೆ ಎಲ್ಲರನ್ನೂ ಒಂದೇ ರೀತಿ ಕೇಳುವ ಬಾಗಿಲಿನಲ್ಲಿ ಯಾರನ್ನೂ ವಿಶೇಷವಾಗಿ ಅಳೆಯುವುದಿಲ್ಲ ಎಂಬ ಅನುಕೂಲವೂ ಇದೆ.

ಒಳಗಿನ ನಿಯಮಗಳು ಗೋಡೆಯ ಮೇಲೆಯೇ ಇರುತ್ತವೆ. ಅಮಲೇರಿದವರಿಗೆ ಮತ್ತೆ ಮದ್ಯ ಕೊಡುವಂತಿಲ್ಲ, ಕೌಂಟರಿನವರು ಅದಕ್ಕಾಗಿ ತರಬೇತಿ ಪಡೆದಿರಬೇಕು, ಕುಡಿಯುವ ನೀರನ್ನು ಉಚಿತವಾಗಿ ಕೊಡಲೇಬೇಕು. ಬಿಯರನ್ನು 285 ಮಿಲಿಲೀಟರಿನ ಪಾಟ್ ಅಥವಾ 570 ಮಿಲಿಲೀಟರಿನ ಪೈಂಟ್ ಅಳತೆಯಲ್ಲಿ ಕೊಡುತ್ತಾರೆ. ಮೇಜಿನ ಬಳಿ ಯಾರಾದರೂ ಬಂದು ಆರ್ಡರ್ ತೆಗೆದುಕೊಳ್ಳಲಿ ಎಂದು ಕಾಯುತ್ತ ಕೂತರೆ ರಾತ್ರಿ ಕಳೆದುಹೋಗುತ್ತದೆ, ಕೌಂಟರಿಗೆ ಹೋಗಿ ನಾವೇ ತರಬೇಕು. ಗೆಳೆಯರ ಗುಂಪಿನಲ್ಲಿ ಒಬ್ಬೊಬ್ಬರು ಸರದಿಯಂತೆ ಎಲ್ಲರಿಗೂ ಕೊಡಿಸುವ ಪದ್ಧತಿಯಿದೆ. ಈ ಸರದಿಗೆ ಸಿಕ್ಕಿಕೊಂಡ ವಿದ್ಯಾರ್ಥಿಯ ಒಂದು ಸಂಜೆಯ ಖರ್ಚು ನಮ್ಮಲ್ಲಿ ಒಂದು ತಿಂಗಳ ಮೆಸ್ಸಿನ ಬಿಲ್ಲಿನ ಹತ್ತಿರ ಹೋಗಬಹುದಾದ್ದರಿಂದ, “ನನ್ನದು ನನಗೆ” ಎಂದು ಮೊದಲೇ ಹೇಳಿಬಿಡುವುದು ಕ್ಷೇಮ. ಹಾಗೆ ಹೇಳಿದರೆ ಅಲ್ಲಿ ಯಾರೂ ಮುಖ ಗಂಟಿಕ್ಕುವುದಿಲ್ಲ. ಗಾಡಿ ಓಡಿಸುವವರ ರಕ್ತದಲ್ಲಿ ಮದ್ಯದ ಮಿತಿ ಶೇ. 0.05, ಹೊಸದಾಗಿ ಲೈಸೆನ್ಸ್ ಪಡೆದವರಿಗೆ ಸೊನ್ನೆ. ಪೊಲೀಸರು ಯಾವ ತಿರುವಿನಲ್ಲಾದರೂ ನಿಲ್ಲಿಸಿ ಊದಿಸುತ್ತಾರೆ. ಸಸ್ಯಾಹಾರಿಗಳಿಗೆ ರಾತ್ರಿ ಹನ್ನೊಂದರ ನಂತರ ಆಲೂಗಡ್ಡೆ ಚಿಪ್ಸ್ ಹೊರತು ಹೆಚ್ಚಿನದು ಸಿಗುವುದು ಕಷ್ಟ.

ಕಲಬುರಗಿಯಲ್ಲಿ ಬಾರುಗಳಿಲ್ಲವೆಂದಲ್ಲ. ರಿಂಗ್ ರೋಡಿನ ಗುಂಟ ‘ಫ್ಯಾಮಿಲಿ ರೆಸ್ಟೋರೆಂಟ್’ ಎಂಬ ಫಲಕ ಹೊತ್ತ ಜಾಗಗಳಲ್ಲಿ, ಪರದೆ ಎಳೆದ ಕ್ಯಾಬಿನ್ನುಗಳ ಒಳಗೆ, ಏನೇನು ನಡೆಯುತ್ತದೆ ಎಂಬುದು ಮಾಣಿಗೂ ಗೊತ್ತು, ಊರಿಗೂ ಗೊತ್ತು. ಆ ಪರದೆ ಗಂಡಸಿಗೆ ಮರೆ, ಹೆಂಗಸಿಗೆ ಮಾತ್ರ ಅಪಾಯ. ಯಾರು ಜೊತೆಗಿದ್ದಾರೆ ಎಂಬುದು ಹೊರಗಿನವರಿಗೆ ಕಾಣದೆ ಇರುವಾಗ, ಅಡಚಣೆಯಾದರೆ ಕೂಗಿ ಹೇಳುವುದಕ್ಕೂ ಅವಳು ಹಿಂದೆಮುಂದೆ ನೋಡಬೇಕಾಗುತ್ತದೆ, ಏಕೆಂದರೆ ಅಲ್ಲಿಗೆ ಬಂದದ್ದೇ ತಪ್ಪು ಎಂಬ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ. ಸೇಂಟ್ ಕಿಲ್ಡಾದಲ್ಲಿ ನಾನು ಕಿಟಕಿಯ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಒಬ್ಬಳೇ ಕೂತು ನಿಂಬೆ ಸೋಡಾ ಕುಡಿದೆ. ತಮ್ಮನ ಗೆಳೆಯ, ನಮ್ಮ ಜೇವರ್ಗಿ ಕಡೆಯ ಹುಡುಗ, ಅಲ್ಲೇ ಒಂದು ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾನೆ. ಅವನು ಬಿಡುವಿನಲ್ಲಿ ಹೊರಬಂದು, “ಅಕ್ಕಾರ, ಇಲ್ಲಿ ಯಾರೂ ಯಾರ್ನೂ ಕೇಳಂಗಿಲ್ಲ. ಅದಕ್ಕ ಛಲೋ ಅನಸ್ತದ, ಅದಕ್ಕ ಒಮ್ಮೊಮ್ಮೆ ಅಳುನೂ ಬರ್ತದ” ಎಂದ. ಆ ಬಡಾವಣೆಯ ಬಗ್ಗೆ ನಾನು ಕೇಳಿದ ಅತ್ಯಂತ ನ್ಯಾಯವಾದ ವಿಮರ್ಶೆ ಅದೇ.

ಡೇಟಿಂಗ್ ಆ್ಯಪನ್ನು ನಾನು ಎರಡೂ ಊರಿನಲ್ಲಿ ತೆರೆದು ನೋಡಿದ್ದೇನೆ. ವಿಚ್ಛೇದನವಾಗಿ ಬಹಳ ಕಾಲವಾದ ಮೇಲೆ ಇದರಲ್ಲಿ ಮುಚ್ಚುಮರೆಯೇನಿಲ್ಲ. ಕಲಬುರಗಿಯಲ್ಲಿ ಅದೇ ಆ್ಯಪು ತೋರಿಸುವುದು ಮುಖವಿಲ್ಲದ ಫೋಟೋಗಳನ್ನು: ಬೈಕಿನ ಹ್ಯಾಂಡಲ್, ಸೂರ್ಯಾಸ್ತ, ನಟನ ಚಿತ್ರ. ಹೆಸರಿನ ಜಾಗದಲ್ಲಿ ಎರಡು ಅಕ್ಷರ. ದೂರದ ಮಿತಿಯನ್ನು ಹಿಗ್ಗಿಸಿದರೆ ಸೊಲ್ಲಾಪುರದವರೂ ಹೈದರಾಬಾದಿನವರೂ ಬರುತ್ತಾರೆ, ಪರಿಚಯಸ್ಥರ ಅಳಿಯನೂ ಬರಬಹುದು. ಸೇಂಟ್ ಕಿಲ್ಡಾದಲ್ಲಿ ಜನ ತಮ್ಮ ಮುಖವನ್ನೂ ಉದ್ದೇಶವನ್ನೂ ಬರೆದುಕೊಂಡಿರುತ್ತಾರೆ. ಮದುವೆ ಬೇಕೋ, ಸ್ನೇಹ ಬೇಕೋ, ಒಂದು ರಾತ್ರಿಯ ಒಡನಾಟ ಮಾತ್ರ ಬೇಕೋ ಎಂಬುದು ಮೊದಲ ಸಾಲಿನಲ್ಲೇ ತಿಳಿಯುತ್ತದೆ. ಮೊದಲ ಭೇಟಿ ಹಗಲಿನಲ್ಲಿ, ಏಕ್‌ಲೆಂಡ್ ಸ್ಟ್ರೀಟಿನ ಕಾಫಿ ಅಂಗಡಿಯಲ್ಲೋ ಭಾನುವಾರ ಎಸ್ಪ್ಲನೇಡಿನಲ್ಲಿ 1970ರಿಂದ ನಡೆಯುತ್ತ ಬಂದಿರುವ ಕರಕುಶಲ ಸಂತೆಯಲ್ಲೋ ಆಗುವುದು ಸಾಮಾನ್ಯ. ಬಿಲ್ಲನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಎರಡನೇ ಭೇಟಿ ಬೇಡವಾದರೆ ಅದನ್ನು ಸಂದೇಶದಲ್ಲಿ ಹೇಳಿ ಮುಗಿಸುತ್ತಾರೆ. ನಮ್ಮವರಿಗೆ ಇದು ಒರಟಾಗಿ ಕಾಣಬಹುದು, ನನಗೆ ಸಮಾಧಾನವೇ ಎನಿಸಿತು.

ಆದರೆ ಹಣ ಕೊಟ್ಟು ಪಡೆದ ದುಬಾರಿ ಸದಸ್ಯತ್ವದಿಂದ ಹೆಚ್ಚೇನೂ ಸಿಗಲಿಲ್ಲ ಎಂದು ಹೇಳಲೇಬೇಕು. ಅದು ಮಾರುವುದು ಹೆಚ್ಚು ಮುಖಗಳನ್ನೇ ಹೊರತು ಹೆಚ್ಚು ಉತ್ತರಗಳನ್ನಲ್ಲ. ಚರ್ಮದ ಬಣ್ಣ ನೋಡಿ ಬೆರಳು ಸರಿಸುವವರು ಅಲ್ಲಿಯೂ ಇದ್ದಾರೆ, ಕೆಲವರು ಅದನ್ನು ‘ಆಯ್ಕೆ’ ಎಂದು ಬರೆದುಕೊಳ್ಳುವಷ್ಟು ನಿಸ್ಸಂಕೋಚಿಗಳು. ಆಸ್ಟ್ರೇಲಿಯಾದಲ್ಲಿ ಡೇಟಿಂಗ್ ಸೇವೆಗಳಿಗೆ 2024ರ ಅಕ್ಟೋಬರಿನಿಂದ ಉದ್ಯಮದ ನೀತಿಸಂಹಿತೆಯೊಂದಿದೆ. ಕಿರುಕುಳದ ದೂರು ಕೊಡುವ ದಾರಿ ಸುಲಭವಾಗಿರಬೇಕು, ದೂರು ಬಂದವರ ಖಾತೆಯ ಮೇಲೆ ಕ್ರಮ ಆಗಬೇಕು ಎಂಬುದು ಅದರ ತಿರುಳು.

ಹುಡುಗರನ್ನು ಕಳಿಸುವ ಮನೆಯವರು ಟಿಕೆಟ್ಟಿಗೂ ಮೊದಲು ತಿಳಿಸಿ ಹೇಳಬೇಕಾದ ಸಂಗತಿ ಇನ್ನೊಂದಿದೆ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ 2023ರ ಜುಲೈ 30ರಿಂದ ಸಮ್ಮತಿಯ ಕಾನೂನು ಬದಲಾಗಿದೆ. ಎದುರಿನವರು ಬೇಡ ಎನ್ನಲಿಲ್ಲ, ಸುಮ್ಮನಿದ್ದರು ಎಂಬುದು ಉತ್ತರವಾಗುವುದಿಲ್ಲ. ಒಪ್ಪಿಗೆ ಇದೆಯೇ ಎಂದು ಮಾತಿನಿಂದಲೋ ನಡೆಯಿಂದಲೋ ತಿಳಿದುಕೊಳ್ಳುವ ಹೊಣೆ ಮುಂದುವರಿಯುವವರ ಮೇಲೆಯೇ ಇದೆ. ಒಪ್ಪಿಕೊಂಡ ಕಾಂಡೋಮನ್ನು ಗುಟ್ಟಾಗಿ ತೆಗೆಯುವುದು ಅಪರಾಧ. ವಿಪರೀತ ಕುಡಿದವರ ಒಪ್ಪಿಗೆ ಒಪ್ಪಿಗೆಯಲ್ಲ. ಹುಡುಗಿ ನಾಚಿಕೊಂಡರೆ ಒಪ್ಪಿದಂತೆ ಎಂದು ಕಲಿತು ಬೆಳೆದ ಹುಡುಗನಿಗೆ ಈ ಪಾಠವನ್ನು ವಿಮಾನ ಹತ್ತುವ ಮೊದಲೇ ಹೇಳಬೇಕು. ಹೇಳುವವರು ಅಪ್ಪನೇ ಆದರೆ ಒಳ್ಳೆಯದು, ಅವ್ವನ ಮೇಲೆ ಬಿಡಬಾರದು. ಆರೋಗ್ಯದ ಬಗ್ಗೆ ಅನುಮಾನ ಬಂದರೆ ಕಾರ್ಲ್ಟನ್‌ನಲ್ಲಿ ಮೆಲ್ಬರ್ನ್ ಸೆಕ್ಷುವಲ್ ಹೆಲ್ತ್ ಸೆಂಟರ್ ಇದೆ. ಅಲ್ಲಿ ಉಪದೇಶ ಮಾಡದೆ ಪರೀಕ್ಷೆ ಮಾಡುತ್ತಾರೆ.

ಇನ್ನು ಎಲ್ಲರೂ ದನಿ ತಗ್ಗಿಸಿ ಕೇಳುವ ವಿಷಯ. ವಿಕ್ಟೋರಿಯಾದಲ್ಲಿ ವಯಸ್ಕರು ಸ್ವಇಚ್ಛೆಯಿಂದ ಮಾಡುವ ಲೈಂಗಿಕ ವೃತ್ತಿ ಅಪರಾಧವಲ್ಲ. ಮೊದಲು 1994ರ ಕಾಯ್ದೆಯಡಿ ಲೈಸೆನ್ಸ್ ಪಡೆದ ಮನೆಗಳಂಥ ಕಡೆ ಅವಕಾಶವಿತ್ತು, ಬೀದಿಯಲ್ಲಿ ನಿಂತವರು ಅಪರಾಧಿಗಳಾಗುತ್ತಿದ್ದರು. ಸೇಂಟ್ ಕಿಲ್ಡಾದ ಗ್ರೇ ಸ್ಟ್ರೀಟು ದಶಕಗಳಿಂದ ಅಂಥ ಬೀದಿಯೆಂದೇ ಹೆಸರಾಗಿತ್ತು. ಲೈಸೆನ್ಸ್ ಇರುವ ಮನೆಯೊಳಗೆ ಇದೇ ಕೆಲಸ ಮಾಡಿದವಳಿಗೆ ಕಾನೂನಿನ ರಕ್ಷಣೆ, ಹೊರಗೆ ನಿಂತವಳಿಗೆ ದಂಡ. 2022ರಲ್ಲಿ ರಾಜ್ಯದ ಸಂಸತ್ತು ಹೊಸ ಕಾಯ್ದೆ ಮಾಡಿತು. ಆ ವರ್ಷದ ಮೇ 10ರಿಂದ ಬೀದಿಯ ವೃತ್ತಿ ಬಹುತೇಕ ಕಡೆ ಅಪರಾಧವಾಗಿ ಉಳಿಯಲಿಲ್ಲ. ಶಾಲೆ, ಶಿಶುವಿಹಾರ ಮತ್ತು ಪ್ರಾರ್ಥನಾ ಸ್ಥಳಗಳ ಸಮೀಪ ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ನಿರ್ಬಂಧ ಉಳಿಯಿತು. 2023ರ ಡಿಸೆಂಬರ್ 1ರಂದು ಹಳೆಯ ಕಾಯ್ದೆ ಪೂರ್ತಿ ರದ್ದಾಗಿ, ಈ ಉದ್ಯಮವೂ ಉಳಿದ ಉದ್ಯಮಗಳಂತೆ ಕೆಲಸಗಾರರ ಸುರಕ್ಷತೆ ನೋಡುವ ವರ್ಕ್‌ಸೇಫ್‌ನಂಥ ಸಂಸ್ಥೆಗಳ ಕಣ್ಗಾವಲಿಗೆ ಬಂತು. ಈ ವೃತ್ತಿಯ ಕಾರಣಕ್ಕೆ ಬಾಡಿಗೆ ಮನೆಯನ್ನೋ ಸೇವೆಯನ್ನೋ ನಿರಾಕರಿಸುವುದು ತಾರತಮ್ಯವಾಗುತ್ತದೆ. ಮಕ್ಕಳನ್ನು ತೊಡಗಿಸುವುದು, ಬಲವಂತ ಮಾಡುವುದು, ಮಾನವ ಸಾಗಣೆ ಮೊದಲಿನಂತೆಯೇ ಘೋರ ಅಪರಾಧಗಳು.

ನಾನು ಆ ಸೇವೆಯ ಗಿರಾಕಿಯಲ್ಲ. ತಮ್ಮನ ಮನೆಗೆ ಹೋಗುವ ಒಂದು ದಾರಿ ಗ್ರೇ ಸ್ಟ್ರೀಟಿನ ಮೂಲಕ ಇದ್ದುದರಿಂದ ಕಂಡದ್ದಷ್ಟನ್ನು ಹೇಳಬಲ್ಲೆ. ಬಡವರಿಗೆ 1982ರಿಂದ ಊಟ ಹಾಕುತ್ತ ಬಂದಿರುವ ಸೇಕ್ರೆಡ್ ಹಾರ್ಟ್ ಮಿಷನ್ ಇರುವುದೂ ಅದೇ ಬೀದಿಯಲ್ಲಿ. ಒಂದು ರಾತ್ರಿ, ದಪ್ಪ ಜಾಕೆಟ್ ಮೇಲೆ ಸ್ಕಾರ್ಫ್ ಸುತ್ತಿಕೊಂಡಿದ್ದ ಹೆಂಗಸೊಬ್ಬಳು ನಿಂತಿದ್ದ ವ್ಯಾನಿನಿಂದ ಕಾಗದದ ಲೋಟದಲ್ಲಿ ಬಿಸಿ ಚಹಾ ಇಸಿದುಕೊಂಡು, ಚಹಾ ಕೊಟ್ಟವಳೊಂದಿಗೆ ಸೊಂಟನೋವಿನ ಬಗ್ಗೆ ಮಾತಾಡುತ್ತಿದ್ದಳು. ಪೊಲೀಸ್ ಕಾರು ನಿಧಾನಕ್ಕೆ ಹಾದುಹೋಯಿತು. ಅವಳು ಓಡಲಿಲ್ಲ, ಮುಖ ಮುಚ್ಚಿಕೊಳ್ಳಲಿಲ್ಲ, ಮಾತನ್ನೂ ನಿಲ್ಲಿಸಲಿಲ್ಲ. ನಮ್ಮ ಪತ್ರಿಕೆಗಳಲ್ಲಿ ‘ಲಾಡ್ಜ್ ಮೇಲೆ ದಾಳಿ’ ಎಂಬ ತಲೆಬರಹದ ಕೆಳಗೆ ದುಪಟ್ಟಾದಲ್ಲಿ ಮುಖ ಹುದುಗಿಸಿ ಸಾಲಾಗಿ ಕೂತ ಹೆಂಗಸರ ಫೋಟೋ ನೋಡಿದವರಿಗೆ ಇದು ಎಷ್ಟು ದೊಡ್ಡ ವ್ಯತ್ಯಾಸ ಎಂಬುದು ತಿಳಿಯುತ್ತದೆ.

ನಮ್ಮ ಕಾನೂನು ಏನು ಹೇಳುತ್ತದೆ ಎಂಬುದೂ ಹಲವರಿಗೆ ಸರಿಯಾಗಿ ಗೊತ್ತಿಲ್ಲ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ವೇಶ್ಯಾಗೃಹ ನಡೆಸುವುದನ್ನು, ಇನ್ನೊಬ್ಬರ ಈ ಗಳಿಕೆಯ ಮೇಲೆ ಬದುಕುವುದನ್ನು, ಸಾರ್ವಜನಿಕ ಸ್ಥಳದಲ್ಲಿ ಕರೆಯುವುದನ್ನು ಅಪರಾಧ ಮಾಡಿದೆ. ವಯಸ್ಕಳೊಬ್ಬಳು ತಾನೇ ಒಪ್ಪಿ ಮಾಡುವ ವೃತ್ತಿಯನ್ನು ನೇರವಾಗಿ ಅಪರಾಧ ಎಂದಿಲ್ಲ. 2022ರ ಮೇ 19ರಂದು ಸುಪ್ರೀಂ ಕೋರ್ಟು ಇಂಥ ಹೆಂಗಸರನ್ನು ಪೊಲೀಸರು ಘನತೆಯಿಂದ ಕಾಣಬೇಕು, ಮಾತಿನಿಂದಾಗಲಿ ಕೈಯಿಂದಾಗಲಿ ಹಿಂಸಿಸಬಾರದು, ಮಾಧ್ಯಮಗಳು ಗುರುತು ಬಯಲು ಮಾಡಬಾರದು ಎಂಬ ನಿರ್ದೇಶನಗಳನ್ನು ಕೊಟ್ಟಿತು. ಆಸ್ಟ್ರೇಲಿಯಾದ ಒಂದು ರಾಜ್ಯ ಬೀದಿಯ ಹೆಂಗಸನ್ನು ಅಪರಾಧಿಯ ಪಟ್ಟಿಯಿಂದ ತೆಗೆದ ತಿಂಗಳಲ್ಲೇ ನಮ್ಮ ಕೋರ್ಟೂ ಈ ಮಾತು ಹೇಳಿತು. ಅಲ್ಲಿ ಅದು ಕಾಯ್ದೆಯಾಗಿ ಬೀದಿಗೆ ಇಳಿದಿದೆ, ಇಲ್ಲಿ ಆದೇಶದ ಪ್ರತಿ ಎಲ್ಲ ಠಾಣೆಗಳ ಮೇಜಿಗೂ ಇನ್ನೂ ತಲುಪಿದಂತೆ ಕಾಣುವುದಿಲ್ಲ. ಕಲಬುರಗಿ, ಯಾದಗಿರಿ ಕಡೆಯ ನಮಗೆ ಇನ್ನೊಂದು ಎಚ್ಚರವೂ ಬೇಕು. ದೇವರ ಹೆಸರಿನಲ್ಲಿ ಹುಡುಗಿಯರನ್ನು ಬಿಡುವ ಪದ್ಧತಿಯನ್ನು ತಡೆಯಲು ಕರ್ನಾಟಕ 1982ರಲ್ಲೇ ಕಾಯ್ದೆ ಮಾಡಬೇಕಾಯಿತು. ಬಡತನ ಮತ್ತು ಜಾತಿ ನೂಕಿದ್ದನ್ನು ‘ಸ್ವಂತ ಆಯ್ಕೆ’ ಎನ್ನುವುದು ಇಲ್ಲಿ ಸುಲಭವಲ್ಲ. ಹಾಗಾಗಿ ಸೇಂಟ್ ಕಿಲ್ಡಾದ ಮಾದರಿಯನ್ನು ಹಾಗೇ ತಂದು ಇಲ್ಲಿ ನೆಡಬೇಕೆಂದು ನಾನು ಹೇಳಲಾರೆ. ಅಲ್ಲಿಯೂ ಬೀದಿಯಲ್ಲಿ ನಿಲ್ಲುವವರಲ್ಲಿ ಮನೆಯಿಲ್ಲದವರು, ಚಟಕ್ಕೆ ಬಿದ್ದವರು ಇದ್ದಾರೆ. ಕಾನೂನು ಅವರ ಮೇಲಿನ ಹೆದರಿಕೆಯೊಂದನ್ನು ಇಳಿಸಿದೆ, ಉಳಿದ ಕಷ್ಟಗಳು ಹಾಗೇ ಇವೆ.

ವಿದ್ಯಾರ್ಥಿಗಳಿಗೆ ಒಂದು ಪ್ರಾಯೋಗಿಕ ಮಾತು. ಆ ಬೀದಿಯಲ್ಲಿ ನಿಂತವರನ್ನು ಕಾರು ನಿಧಾನಿಸಿ ನೋಡುವುದು, ಮೊಬೈಲಿನಲ್ಲಿ ಫೋಟೋ ತೆಗೆಯುವುದು, ಗೆಳೆಯರೊಂದಿಗೆ ಕೂಗುತ್ತ ಹೋಗುವುದು ನೀಚತನ. ಕಾನೂನುಬದ್ಧ ಮನೆಗಳಿಗೆ ಹೋಗುವವರು ತಿಳಿದಿರಬೇಕಾದದ್ದು, ದುಡ್ಡು ಕೊಟ್ಟ ಮಾತ್ರಕ್ಕೆ ಎಲ್ಲದಕ್ಕೂ ಒಪ್ಪಿಗೆ ಸಿಕ್ಕಂತಾಗುವುದಿಲ್ಲ ಎಂಬುದು. ಯಾವ ಹೊತ್ತಿನಲ್ಲಾದರೂ ಬೇಡ ಎನ್ನುವ ಹಕ್ಕು ಅವಳಿಗಿದೆ, ಮೇಲೆ ಹೇಳಿದ ಸಮ್ಮತಿಯ ಕಾನೂನು ಅಲ್ಲಿಗೂ ಅನ್ವಯಿಸುತ್ತದೆ.

ಕೊರತೆಗಳು ಕಡಿಮೆಯೇನಿಲ್ಲ. ಫಿಟ್ಜ್‌ರಾಯ್ ಸ್ಟ್ರೀಟಿನಲ್ಲಿ ಬಾಗಿಲು ಹಾಕಿದ ಅಂಗಡಿಗಳು ಕಾಣುತ್ತವೆ, ಅವುಗಳ ಮುಂದಿನ ಕತ್ತಲೆ ತುಂಡುಗಳಲ್ಲಿ ಒಬ್ಬಳೇ ನಡೆಯುವಾಗ ಹೆಜ್ಜೆ ತಾನೇ ಬಿರುಸಾಗುತ್ತದೆ. ರಾತ್ರಿ ಒಂದರ ನಂತರ ಕುಡಿದ ಗಂಡಸರ ಗುಂಪುಗಳು ಕಲಬುರಗಿಯಲ್ಲಾಗಲಿ ಅಲ್ಲಾಗಲಿ ಒಂದೇ ಥರ, ಭಾಷೆಯಷ್ಟೇ ಬೇರೆ. ನನ್ನ ಹಿಂದಿನಿಂದಲೂ ಮಾತುಗಳು ಬಂದವು. ಗ್ಲಾಸನ್ನು ಮೇಜಿನ ಮೇಲೆ ಬಿಟ್ಟು ಶೌಚಾಲಯಕ್ಕೆ ಹೋಗಬಾರದು ಎಂದು ಅಲ್ಲಿನ ಹೆಂಗಸರೇ ಎಚ್ಚರಿಸುತ್ತಾರೆ. ಕಡಲ ದಂಡೆಯ ಮೇಲೆ ಮದ್ಯಕ್ಕೆ ಹೊತ್ತಿನ ನಿರ್ಬಂಧಗಳಿವೆ, ಫಲಕ ಓದದೆ ಬಾಟಲಿ ತೆರೆಯಬಾರದು. ತುರ್ತಿಗೆ 000 ಸಂಖ್ಯೆಗೆ ಕರೆ ಮಾಡಬೇಕು.

ಹಾಗಾದರೆ ಹುಡುಗನಿಗೆ ಅಲ್ಲಿ ರೂಮು ಕೊಡಿಸಬಹುದೇ? ಕೊಡಿಸಬಹುದು, ಹುಡುಗಿಗೂ ಕೊಡಿಸಬಹುದು. ಆದರೆ ದಂಡೆಯ ಪಕ್ಕಕ್ಕಿಂತ ಕಾರ್ಲೈಲ್ ಸ್ಟ್ರೀಟಿನ ಆಚೆ, ಬಾಲಕ್ಲಾವಾ ಸ್ಟೇಷನ್ನಿನ ಕಡೆ ನೋಡುವುದು ಒಳಿತು. ಸ್ಯಾಂಡ್ರಿಂಗ್ಹ್ಯಾಮ್ ಮಾರ್ಗದ ರೈಲು ಸಿಗುತ್ತದೆ, ದಿನಸಿ ಅಂಗಡಿಗಳು ಹತ್ತಿರವಿವೆ, ಗದ್ದಲ ಬೇಕೆನಿಸಿದಾಗ ನಡೆದು ಹೋಗಿ ಬರಬಹುದು. ಗ್ರೇ ಸ್ಟ್ರೀಟಿನ ಆಸುಪಾಸಿನಲ್ಲೇ ಸಿಕ್ಕಿದರೆ, ಬಾಡಿಗೆ ಕೇಳುವ ಮೊದಲು ಕಿಟಕಿ ಯಾವ ಕಡೆಗಿದೆ ಎಂದು ವಿಚಾರಿಸಬೇಕು. ಬೀದಿಯ ಕಡೆಗಿದ್ದರೆ ಶುಕ್ರವಾರ, ಶನಿವಾರ ಬೆಳಗಿನ ಜಾವದವರೆಗೆ ನಿದ್ದೆ ಹತ್ತುವುದಿಲ್ಲ, ವಾರದ ಬಾಡಿಗೆಯಲ್ಲಿ ಅದಕ್ಕಾಗಿ ಒಂದಿಷ್ಟು ಕಡಿಮೆ ಮಾಡಿ ಎಂದು ಕೇಳಿದರೆ ಮನೆಯೊಡೆಯರು ಆಶ್ಚರ್ಯಪಡುವುದೂ ಇಲ್ಲ.